ಸಿಕ್ಕು ಬಿಡಿಸುವ ಜಗಲಿ

ನಮ್ಮ ಊರಿನಲ್ಲಿ ಇನ್ನೊಬ್ಬರ ಕಷ್ಟವನ್ನು ಕೂತು ಕೇಳಿದವರ ತಲೆಗೂದಲು ಸಿಕ್ಕಾಗುತ್ತದೆ. ಸುಮ್ಮನೆ ಕಿವಿಗೆ ಬಿದ್ದರೆ ಆಗುವುದಿಲ್ಲ, ಮನಸ್ಸಿಟ್ಟು ಕೇಳಿದರೆ ಮಾತ್ರ. ಹೇಳಿದವರು ಹಗುರಾಗಿ ಎದ್ದು ಹೋಗುತ್ತಾರೆ. ಕೇಳಿದವರ ಕಿವಿಯ ಹಿಂದೆಯೋ, ನೆತ್ತಿಯ ಹತ್ತಿರವೋ, ಜಡೆಯ ತುದಿಯಲ್ಲೋ ಒಂದು ಗಂಟು ಬಂದು ಕೂತಿರುತ್ತದೆ. ಸಣ್ಣಪುಟ್ಟ ಕಷ್ಟಕ್ಕೆ ಸಾಸಿವೆಯಷ್ಟು, ಸಾವಿಗೆ ಹುಣಸೆ ಬೀಜದಷ್ಟು. ಆ ಗಂಟನ್ನು ಸ್ವಂತ ಕೈಯಿಂದ ಬಿಡಿಸಿಕೊಳ್ಳಲು ಆಗದು; ಎಳೆದಷ್ಟೂ ಬಿಗಿಯುತ್ತದೆ. ಬೇರೆಯವರ ಕೈ ಬೇಕು, ಎಣ್ಣೆ ಬೇಕು, ಹಗಲಿನ ಬೆಳಕು ಬೇಕು. ಬಿಡಿಸಿದ ಗಂಟು ನೆಲಕ್ಕೆ ಬಿದ್ದರೆ ಬರೀ ಧೂಳು, ಗುಡಿಸಿ ಹಾಕಿದರೆ ಮುಗಿಯಿತು. ಕತ್ತರಿ ಹಾಕಿದರೆ ಮಾತ್ರ ಆ ಕಷ್ಟ ಹೇಳಿದವರ ಎದೆಗೇ ವಾಪಸು ಹೋಗುತ್ತದೆ, ಮೊದಲ ದಿನದ ಬಿಸಿ ಆರದ ಹಾಗೆ.

ಊರಿನವರು ಇದಕ್ಕೆ ಎಂದೋ ಒಗ್ಗಿಹೋಗಿದ್ದಾರೆ. ನಲ್ಲಿಯ ಹತ್ತಿರ ಯಾರಾದರೂ ಮೂಗು ಒರೆಸಿಕೊಳ್ಳುತ್ತ ಮಾತು ತೆಗೆದರೆ, "ಈಗ ತಾನೆ ಜಡೆ ಹಾಕ್ಕೊಂಡೆ ಕಣೇ, ನಾಳೆ ಹೇಳು" ಎಂದು ಕೊಡ ಎತ್ತಿಕೊಂಡು ಹೊರಡುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ಜಡೆಯನ್ನು ಮೆಲ್ಲಗೆ ಸವರುತ್ತಾರೆ. ಒಂದೆರಡು ಗಂಟು ಕೈಗೆ ಸಿಕ್ಕಿದರೆ ಒಳ್ಳೆಯ ಮನಸ್ಸು ಎನ್ನುತ್ತಾರೆ, ಹೆಚ್ಚು ಸಿಕ್ಕಿದರೆ ಉಪ್ಪಿಟ್ಟು ತಿಂದು ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿಯುವ ಮೊದಲು ತಲೆತುಂಬ ಬೆರಳಾಡಿಸಿ ನೋಡುತ್ತಾರೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಮಾತ್ರ ತಲೆ ನುಣ್ಣಗೆ ಬೋಳಿಸಿಕೊಂಡಿದ್ದಾನೆ. ಗಂಟು ಕೂರಲು ಜಾಗವಿಲ್ಲದ ತಲೆಗೆ ಏನು ಹೇಳಿದರೂ ಹೇಳಿದವರಿಗೆ ಹಗುರಾಗದು. ಆದರೂ ಜನ ಹೇಳುತ್ತಾರೆ, ಅವನೂ ಟೀ ಸೋಸುತ್ತ ಹೂಂಗುಟ್ಟುತ್ತಾನೆ.

ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಊರು ಒಂದು ಕಚೇರಿ ಇಟ್ಟಿದೆ. ಬೋರ್ಡಿನ ಮೇಲೆ ಉದ್ದದ ಹೆಸರಿದ್ದರೂ ಎಲ್ಲರೂ ಕರೆಯುವುದು ಕೇಳುಮನೆ ಎಂದು. ನಾನು ಅಲ್ಲಿ ಕೆಲಸಕ್ಕೆ ಇದ್ದೇನೆ. ಬೆಳಿಗ್ಗೆ ಕೇರಿಗಳಿಗೆ ಹೋಗಿ ಕೇಳುವುದು, ಮಧ್ಯಾಹ್ನ ಕಚೇರಿಗೆ ಬಂದವರನ್ನು ಕೇಳುವುದು, ಬಿಸಿಲು ಇಳಿಯುವ ಮೊದಲು ಮುಂದಿನ ಜಗಲಿಯಲ್ಲಿ ಸಾಲಾಗಿ ಕೂತು ಒಬ್ಬರ ತಲೆ ಒಬ್ಬರು ಬಾಚುವುದು. ಅದನ್ನು ಬಾಚುವ ಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಯಾರೂ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ನಾವು ಕೂಡ ಯಾವ ಮನೆಯ ಸುದ್ದಿಯನ್ನೂ ಆಡುವಂತಿಲ್ಲ. ಬದನೆಕಾಯಿಯಲ್ಲಿ ಹುಳ ಬಂದದ್ದು, ಸಿನಿಮಾ ಟೆಂಟಿನಲ್ಲಿ ಮಳೆ ಸೋರಿದ್ದು, ಇಂಥವೇ ಮಾತು. ನಮ್ಮ ಕಚೇರಿಯ ಹಿರಿಯರು ದಾಕ್ಷಾಯಣಮ್ಮ. ಅವರು ಮಾತಿನಲ್ಲಿ ಒರಟು, ಬಾಚುವುದರಲ್ಲಿ ಅದಕ್ಕಿಂತ ಒರಟು. ಚನ್ನವೀರಯ್ಯನವರು ಬಕ್ಕ ತಲೆಯವರಾದ್ದರಿಂದ ಅವರು ಕೇಳಿದ್ದೆಲ್ಲ ಮೀಸೆಯಲ್ಲಿ ಗಂಟಾಗುತ್ತದೆ. ದಿನವೂ ಅವರ ಹೆಂಡತಿ ಸರ್ವಮಂಗಳಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದು, ಗಂಡನ ಮೀಸೆಯನ್ನು ಸಣ್ಣ ಹಣಿಗೆಯಿಂದ ಬಿಡಿಸಿ ಹೋಗುತ್ತಾರೆ. ಮೀಸೆ ಬಾಚಿಸಿಕೊಳ್ಳುವಾಗ ಚನ್ನವೀರಯ್ಯನವರು ಬಾಯಿ ತೆರೆಯುವಂತಿಲ್ಲ. "ಊರಿಗೆ ಇಡೀ ದಿನದಲ್ಲಿ ಸಿಗೋ ನೆಮ್ಮದಿ ಅದೊಂದೇ" ಎನ್ನುವರು ಫಿಲೋಮಿನಕ್ಕ. ನನಗೆ ಜೋಡಿ ಈ ಫಿಲೋಮಿನಕ್ಕ. ನನ್ನ ತಲೆ ಅವರ ಮಡಿಲಿಗೆ, ಅವರ ತಲೆ ನನ್ನ ಮಡಿಲಿಗೆ.

ನನಗೆ ಚಿಕ್ಕಂದಿನಲ್ಲಿ ತಲೆ ಬಾಚುತ್ತಿದ್ದವರು ಅಜ್ಜಿ. ಕಥೆ ಇಲ್ಲದೆ ಅಜ್ಜಿಯ ಬಾಚಣಿಗೆ ಅಲ್ಲಾಡುತ್ತಿರಲಿಲ್ಲ. ಅವರ ಕಥೆಗಳಲ್ಲಿ ನನಗೆ ತುಂಬ ಇಷ್ಟವಾದವಳು, ಬೆಟ್ಟದಾಚೆಯ ಊರಿಗೆ ಉಪ್ಪಿಲ್ಲವೆಂದು ಕಡಲಿನ ಉಪ್ಪನ್ನೆಲ್ಲ ಒಬ್ಬಳೇ ತಲೆಯ ಮೇಲೆ ಹೊತ್ತು ನಡೆದ ಹುಡುಗಿ. ದಾರಿಯಲ್ಲಿ ಮರ ನೆರಳು ಕೊಡುತ್ತೇನೆ ಎನ್ನುತ್ತದೆ, ಅವಳು ನಿಲ್ಲುವುದಿಲ್ಲ. ಕೆರೆ ನೀರು ಕೊಡುತ್ತೇನೆ ಎನ್ನುತ್ತದೆ, ನಿಲ್ಲುವುದಿಲ್ಲ. ನಾನು ಕಣ್ಣು ಮುಚ್ಚಿ ಆ ಹುಡುಗಿಯಾಗುತ್ತಿದ್ದೆ. ಕೇಳುಮನೆಗೆ ಸೇರಿದ ದಿನವೂ ನನ್ನ ಮನಸ್ಸಿನಲ್ಲಿ ನಡೆಯುತ್ತಿದ್ದವಳು ಅವಳೇ.

ಒಂದು ಸಂಜೆ ಹೀಗೇ ಜಗಲಿಯಲ್ಲಿ ಕೂತಿದ್ದೆವು. ನನ್ನ ತಲೆ ಫಿಲೋಮಿನಕ್ಕನ ಮಡಿಲಲ್ಲಿತ್ತು, ಬಾಯಿ ತುಂಬ ಕಡಲೆಪುರಿ. ಅವರು ತಮ್ಮ ಚರ್ಚಿನ ಪಾದ್ರಿ ಹಾಡುವಾಗ ನೊಣ ಬಾಯಿಗೆ ಹೋದ ಸಂಗತಿ ಹೇಳುತ್ತಿದ್ದರು. ನಾನು ನಗುತ್ತ ನಗುತ್ತ ಪುರಿ ಗಂಟಲಿಗೆ ಸಿಕ್ಕಿ ಎದ್ದು ಕೂತೆ. ಎದುರಿನ ಸೈಕಲ್ ಅಂಗಡಿಯ ಪಕ್ಕ ಒಬ್ಬಳು ನಿಂತಿದ್ದಳು. ಮೊಣಕೈಯವರೆಗೆ ಕೈಗಳು ನೀಲಿ. ಬಣ್ಣಗಾರರ ಕೇರಿಯವಳು, ಸಾವಂತ್ರಿ. ಬಾಚುವ ಹೊತ್ತು ಮುಗಿಯಲಿ ಎಂದು ಕಾಯುತ್ತಿದ್ದಳು. ಅವಳು ಚೊಚ್ಚಲ ಮಗುವನ್ನು ಮಣ್ಣು ಮಾಡಿ, ಅಲ್ಲಿಂದ ನೇರವಾಗಿ ನಮ್ಮ ಕಚೇರಿಗೆ ಬಂದಿದ್ದಳೆಂದು ಆಮೇಲೆ ತಿಳಿಯಿತು. ಅವಳನ್ನು ಒಳಗೆ ಕರೆದು ಕೇಳಿದವಳು ನಾನೇ. ನನ್ನ ಹಿಂಗತ್ತಿನಲ್ಲಿ ಗಂಟು ಬಿಗಿದುಕೊಳ್ಳುತ್ತಿದ್ದುದು ಗೊತ್ತಾಗುತ್ತಿತ್ತು. ಆದರೆ ಆ ಹೊತ್ತಿಗೆ ನನ್ನನ್ನು ಸುಡುತ್ತಿದ್ದುದು ಹಲ್ಲಿನ ಸಂದಿಯಲ್ಲಿ ಉಳಿದ ಪುರಿ. ಅವಳು ಮಾತಾಡುವಷ್ಟು ಹೊತ್ತೂ ಅದನ್ನು ನಾಲಿಗೆಯಿಂದ ತೆಗೆಯಲೂ ನಾಚಿಕೆಯಾಗಿ ಬಾಯಿ ಬಿಗಿಹಿಡಿದು ಕೂತಿದ್ದೆ.

ಮರುದಿನ ದಾಕ್ಷಾಯಣಮ್ಮನಿಗೆ ಹೇಳಿದೆ. "ಅಮ್ಮಾ, ಜನ ರಸ್ತೇಲಿ ನಿಂತು ಕಾಯ್ತಿರ್ತಾರೆ. ನಾವು ಮಹಾರಾಣಿಯರ ಹಾಗೆ ಜಗಲೀಲಿ ತಲೆ ಬಾಚಿಸ್ಕೊಂಡು ಕೂರೋದು ಚೆನ್ನಾಗಿ ಕಾಣಲ್ಲ."

"ಯಾರಿಗೆ ಚೆನ್ನಾಗಿ ಕಾಣಲ್ಲ, ಅವರಿಗೋ ನಿನಗೋ?"

ನಾನು ಉಪ್ಪು ಹೊತ್ತ ಹುಡುಗಿಯ ಕಥೆ ಹೇಳಿದೆ. ಅವರು ಗಂಭೀರವಾಗಿ ಕೇಳಿ, "ಬೆಟ್ಟ ದಾಟಿದ ಮೇಲೆ ಏನಾದ್ಳು ಆ ಹುಡುಗಿ?" ಎಂದರು.

"ಗೊತ್ತಿಲ್ಲ. ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದಿರೋದು."

"ಸರಿಹೋಯ್ತು. ಹೋಗು, ಕೆಲಸ ನೋಡು" ಎಂದು ಅವರು ಒಳಗೆ ಹೋದರು. ಬಾಚುವ ಹೊತ್ತಿಗೆ ಬರಲೇಬೇಕು ಎಂದೇನೂ ಗದರಿಸಲಿಲ್ಲ. ಅಂದಿನಿಂದ ನಾನು ಜಗಲಿಯಿಂದ ತಪ್ಪಿಸಿಕೊಳ್ಳತೊಡಗಿದೆ. "ಅಕ್ಕಾ, ಕುಂಬಾರಗೇರೀಲಿ ಒಂದು ಮನೆ ಉಳ್ಕೊಂಡಿದೆ." "ಅಕ್ಕಾ, ಇವತ್ತು ತಲೆನೋವು, ಮುಟ್ಟಿಸ್ಕೊಳ್ಳೋಕಾಗಲ್ಲ." "ಅಕ್ಕಾ, ಮನೇಲೇ ಪಕ್ಕದವರ ಕೈಲಿ ಬಾಚಿಸ್ಕೊಂಡೆ." ಫಿಲೋಮಿನಕ್ಕ ಬಾಚಣಿಗೆ ಕೈಯಲ್ಲಿ ಹಿಡಿದು, "ಹೂಂ, ಹೋಗ್ಬಾ" ಎನ್ನುವರು. ನಾನು ಮೆಟ್ಟಿಲಿಳಿಯುವಾಗ ಜಗಲಿಯಲ್ಲಿ ನಾಲ್ಕು ಜನ ನಗುವುದು ಕೇಳುತ್ತಿತ್ತು. ಇವರಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ ಎಂದುಕೊಳ್ಳುತ್ತಿದ್ದೆ.

ಗಂಟುಗಳನ್ನೆಲ್ಲ ಒಳಗೆ ಸೇರಿಸಿ ತುರುಬು ಕಟ್ಟಿದೆ. ತುರುಬು ದಪ್ಪವಾದಾಗ ಮೇಲೆ ಮಲ್ಲಿಗೆ ಸುತ್ತಿದೆ. ಮಲ್ಲಿಗೆಗೂ ಮುಚ್ಚಲಾಗದಷ್ಟಾದಾಗ ತಲೆಯ ಮೇಲೆ ಸೆರಗು ಹೊದ್ದೆ. ಸೆರಗು ಹೊದ್ದ ನನ್ನನ್ನು ನೋಡಿ ಕೇರಿಗಳಲ್ಲಿ ಜನ ಇನ್ನಷ್ಟು ಗೌರವದಿಂದ ಚಾಪೆ ಹಾಸುತ್ತಿದ್ದರು. "ಹೈಮಮ್ಮನಿಗೆ ಹೊತ್ತಿಲ್ಲ ಗೊತ್ತಿಲ್ಲ. ಕರೆದ ಹೊತ್ತಿಗೆ ಬರ್ತಾರೆ. ಉಳಿದವರ ಹಾಗಲ್ಲ" ಎಂದು ಒಬ್ಬ ಅಜ್ಜ ಹೇಳಿದ ದಿನ ಬೀದಿಯುದ್ದಕ್ಕೂ ನನ್ನ ಕಾಲು ನೆಲ ಮುಟ್ಟಲಿಲ್ಲ. ಕೆರೆಯ ಮೇಲಿನ ಮೋಡಗಳು ನನ್ನ ಕಣ್ಣಿಗೆ ಉಪ್ಪಿನ ಮೂಟೆಗಳ ಹಾಗೆ ಕಂಡವು.

ಆದರೆ ತಲೆ ಭಾರವಾಗುತ್ತ ಬಂತು. ಬೆನ್ನಿನ ಮೇಲೆ ಮಲಗಲಾಗದೆ ಬೋರಲು ಮಲಗತೊಡಗಿದೆ. ಹಿಟ್ಟಿನ ಗಿರಣಿಯ ಮೇಲಿನ ನನ್ನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದರೆ ಅನ್ನ ಮಾಡಿಕೊಳ್ಳುವ ಮನಸ್ಸಾಗುತ್ತಿರಲಿಲ್ಲ, ಬ್ರೆಡ್ಡು ತಿಂದು ಹೊರಡುತ್ತಿದ್ದೆ. ಯಾರಾದರೂ ಅಳುವುದಕ್ಕೆ ಬಾಯಿ ತೆರೆದರೆ, ಬೇಗ ಅತ್ತು ಮುಗಿಸಬಾರದೇ ಎನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಅವರ ಕೈ ಹಿಡಿದು ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದೆ. ಅವರು ಹೇಳುತ್ತಿದ್ದುದು ಗಿರಣಿಯ ಸದ್ದಿನ ಹಾಗೆ ಬರೀ ಗುಂಯ್ ಎಂದು ಕೇಳಿಸುತ್ತಿತ್ತು.

ಸಾವಂತ್ರಿಯ ಮನೆಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ. ಮೊದಲ ಸಲ ಹೇಳಿಕೊಂಡ ಮೇಲೆ ಅವಳು ಎದ್ದು ಓಡಾಡತೊಡಗಿದ್ದಳು, ಬಣ್ಣದ ತೊಟ್ಟಿಗೆ ಕೈ ಹಾಕಿದ್ದಳು, ಈಗ ಮತ್ತೆ ಬಸುರಿ. ಹೊಟ್ಟೆ ಚೆನ್ನಾಗಿ ಕಾಣಿಸುತ್ತಿತ್ತು. ಆ ದಿನ ಅವಳು ನೀಲಿ ನೂಲನ್ನು ಹಿಂಡಿ, ಒಣಗಲು ಬಿದಿರಿನ ಗಳುವಿಗೆ ಹಾಕುತ್ತ, "ಅಕ್ಕಾ, ಇದೂ ಅದರ ಹಾಗೇ ಆಗಿಬಿಟ್ರೆ ಅಂತ ಹೆದರಿಕೆ. ಕೂತ್ರೆ ಹೆದರಿಕೆ, ನಿಂತ್ರೆ ಹೆದರಿಕೆ. ಅತ್ತೆಗೆ ಹೇಳೋಕಾಗಲ್ಲ, ಅವರೇ ನನಗಿಂತ ಜಾಸ್ತಿ ಹೆದರಿದಾರೆ" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಮುಖದಲ್ಲಿ ಕನಿಕರ ತಂದುಕೊಂಡು, "ನಿನ್ನ ಗಂಡ ಕುಡಿಯೋದು ಬಿಟ್ಟನಾ?" ಎಂದೆ.

ಸಾವಂತ್ರಿ ನನ್ನ ಮುಖ ನೋಡಿದಳು. "ನಮ್ಮನೆಯವರು ಯಾವತ್ತೂ ಕುಡಿದೋರಲ್ಲ ಅಕ್ಕಾ."

ಕುಡಿಯುವ ಗಂಡ ಇದ್ದದ್ದು ಕುಂಬಾರಗೇರಿಯ ಇನ್ನೊಬ್ಬಳಿಗೆ. ನನ್ನ ಮುಖ ಬಿಸಿಯಾಯಿತು. "ಅಲ್ಲ, ಹಾಗಲ್ಲ, ಹೇಳು, ಹೆದರಿಕೆ ಅಂದ್ಯಲ್ಲ, ಹೇಳು" ಎಂದೆ. ಅವಳು ಪಾಪ, ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದಳು. ನಾನು ಕಿವಿಗೊಟ್ಟು ಕೂತೆ. ಗಂಟು ಬೀಳುವ ಜುಮ್ಮೆನ್ನುವ ಎಳೆತಕ್ಕೆ ಕಾದೆ. ನನ್ನ ತಲೆಯ ಯಾವ ಮೂಲೆಯಲ್ಲೂ ಏನೂ ಆಗಲಿಲ್ಲ. ಹೇಳಿ ಮುಗಿಸಿದ ಸಾವಂತ್ರಿ ಎದೆಯ ಮೇಲೆ ನೀಲಿ ಕೈ ಇಟ್ಟು ನೋಡಿಕೊಂಡಳು. ಆಮೇಲೆ ತಾನೇ ಏನೋ ತಪ್ಪು ಮಾಡಿದವಳ ಹಾಗೆ ಸಣ್ಣ ದನಿಯಲ್ಲಿ, "ಇವತ್ತು ಹಗುರಾಗಲಿಲ್ಲ ಅಕ್ಕಾ. ನಾನೇ ಸರಿಯಾಗಿ ಹೇಳಲಿಲ್ಲವೇನೋ" ಎಂದಳು.

ಟೀ ಅಂಗಡಿಯವನಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ಅವನು ಕೊನೆಗೆ ಒಂದು ಲೋಟ ಟೀಯನ್ನಾದರೂ ಕೊಡುತ್ತಾನೆ.

ಆ ಭಾನುವಾರ ಮಧ್ಯಾಹ್ನ ಗಿರಣಿ ನಿಂತಿತ್ತು. ಕನ್ನಡಿಯ ಮುಂದೆ ಸೆರಗು ತೆಗೆದು ತುರುಬು ಬಿಚ್ಚಲು ನೋಡಿದೆ. ಬಿಚ್ಚಲಿಲ್ಲ. ಅದು ಕೂದಲಾಗಿ ಉಳಿದಿರಲಿಲ್ಲ, ಕಂಬಳಿಯ ಉಂಡೆಯಾಗಿತ್ತು. ಎಳೆದೆ, ಬಿಗಿಯಿತು. ಜಗಲಿಗೆ ಹೋಗಿ ಇದನ್ನು ತೋರಿಸುವುದೇ? ಮನೆಯಲ್ಲಿ ಬಾಚಿಸಿಕೊಂಡೆ ಎಂದು ಸುಳ್ಳು ಹೇಳಿದವಳು ನಾನು. ಚನ್ನವೀರಯ್ಯನವರ ಮೀಸೆಯನ್ನು ನೋಡಿ ಒಳಗೊಳಗೇ ಹಂಗಿಸಿದವಳು ನಾನು. ಸಾವಂತ್ರಿಗಾಗಿ ಒಂದಿಷ್ಟು ಜಾಗ ಆದರೆ ಸಾಕು, ಒಂದೇ ಒಂದು ಗಂಟಿನಷ್ಟು ಜಾಗ ಎಂದುಕೊಂಡೆ. ಎಡಗಿವಿಯ ಹಿಂದೆ ಒಂದು ಹಳೆಯ ಗಂಟಿತ್ತು, ತಲೆಗೆ ಅಂಟಿಕೊಂಡೇ ಬೆಳೆದಂಥದ್ದು. ಯಾರದೆಂದು ನೆನಪಿರಲಿಲ್ಲ. ನೆನಪಿಲ್ಲದ್ದೇ ಧೈರ್ಯ ಕೊಟ್ಟಿತು. ಹೊಲಿಗೆಯ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದೆ. ಆ ಬೆರಳಗಲದ ಜಾಗಕ್ಕೆ ಗಾಳಿ ತಾಗಿದ್ದು ಎಷ್ಟು ಹಿತವಾಗಿತ್ತೆಂದರೆ, ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆ ಹೋದೆ.

ಸೋಮವಾರ ಕಚೇರಿಗೆ ಹೋದಾಗ ಫಿಲೋಮಿನಕ್ಕ ಜಗಲಿಯ ಮೇಲೆ ಕೂತಿದ್ದರು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕಣ್ಣುಗಳು ಊದಿಕೊಂಡಿದ್ದವು. ದಾಕ್ಷಾಯಣಮ್ಮ ಅವರ ಭುಜ ಹಿಡಿದು ನಿಂತಿದ್ದರು. "ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ ಕಣೇ ಹೈಮಾ" ಎಂದರು ಫಿಲೋಮಿನಕ್ಕ. "ತುತ್ತು ಬಾಯಿಗೆ ಇಡ್ತಿದ್ದೆ. ನನ್ನ ತಮ್ಮ ಆಂತೋಣಿ ಆಗ ತಾನೆ ಬಾವಿಗೆ ಬಿದ್ದ ಹಾಗೆ ಆಯ್ತು. ಹಗ್ಗ, ರಾಟೆ, ಅವನ ಅಂಗಿ, ಎಲ್ಲ ಕಣ್ಣ ಮುಂದೆ. ಅವನು ಹೋಗಿ ಎಷ್ಟು ವರ್ಷ ಆಯ್ತು. ನಾನು ಎದ್ದು ಬಾವಿ ಕಡೆ ಓಡಿದೀನಿ. ಅಲ್ಲಿ ಈಗ ಬಾವೀನೇ ಇಲ್ಲ, ಮುಚ್ಚಿ ಮನೆ ಕಟ್ಟಿದಾರೆ."

ಚನ್ನವೀರಯ್ಯನವರು ಮೆಲ್ಲಗೆ, "ಯಾರೋ ಕತ್ತರಿ ಹಾಕಿದಾರಮ್ಮ. ಆ ಸಂಗತಿ ನೀನು ಯಾರಿಗೆ ಹೇಳ್ಕೊಂಡಿದ್ದೆ?" ಎಂದರು.

ಫಿಲೋಮಿನಕ್ಕ ಯೋಚಿಸಿದರು. ಅವರು ಯೋಚಿಸುತ್ತಿದ್ದಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ. ನನಗೆ ನೆನಪಾಗಿತ್ತು. ನಾನು ಜಗಲಿಗೆ ಬರುವುದನ್ನು ಬಿಟ್ಟ ಹೊಸತರಲ್ಲಿ, ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ, ಅವರು ಹೇಳಿದ್ದರು. "ಇದನ್ನ ನಮ್ಮಮ್ಮನಿಗೂ ಹೇಳಿಲ್ಲ ಕಣೇ" ಎಂದಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

"ನಿನಗೊಬ್ಬಳಿಗೆ ಹೇಳಿದ್ದೆ."

ಅವರು ಎದ್ದು ಬಂದು ನನ್ನ ತಲೆಯ ಮೇಲಿನ ಸೆರಗನ್ನು ಎಳೆದರು. ಬೀದಿಯಲ್ಲಿ ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ನೋಡುತ್ತ ನಿಂತಳು. ಬಟ್ಟೆಯಿಲ್ಲದೆ ನಿಂತಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಲು ನೋಡಿದೆ, ಕೈಗಳು ಸಾಲಲಿಲ್ಲ.

"ಎಷ್ಟು ದಿನದಿಂದ ಹೀಗಿದ್ದೀಯೇ?" ಎಂದರು ಫಿಲೋಮಿನಕ್ಕ. ಬೈಗುಳವೇ ಬರುತ್ತದೆಂದು ಕಾದಿದ್ದ ನನಗೆ ಆ ದನಿಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಕೇರಿಗಳಲ್ಲಿ ಕೆಲಸ ಜಾಸ್ತಿ ಇತ್ತು ಅಕ್ಕಾ. ಜನಕ್ಕೋಸ್ಕರ..."

"ಜನಕ್ಕೋಸ್ಕರ. ಸರಿ. ನೀನು ದಿನಾ ಎದ್ದು ಹೋಗ್ತಿದ್ಯಲ್ಲ, ನನ್ನ ತಲೆ ಯಾರು ಬಾಚ್ತಿದಾರೆ ಅಂತ ಒಂದು ದಿನ ಕೇಳಿದ್ಯಾ?"

ಕೇಳಿರಲಿಲ್ಲ. ಒಂದು ದಿನವೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಸರ್ವಮಂಗಳಮ್ಮ ಗಂಡನ ಮೀಸೆ ಮುಗಿಸಿ ಮನೆಗೆ ಹೊರಟವರು, ನನ್ನ ಜೋಡಿಯ ತಲೆಯನ್ನೂ ಬಾಚಿ, ಕತ್ತಲಾದ ಮೇಲೆ ಒಲೆ ಹಚ್ಚುತ್ತಿದ್ದರಂತೆ. ಅವರು ಬರದ ದಿನ ಫಿಲೋಮಿನಕ್ಕ ಹಾಗೇ ಮಲಗುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಚನ್ನವೀರಯ್ಯನವರು, ಅದೂ ಬೇರೆ ಕಡೆ ನೋಡುತ್ತ.

ದಾಕ್ಷಾಯಣಮ್ಮನೂ ನನ್ನನ್ನು ಬಯ್ಯಲಿಲ್ಲ. "ನಾನು ಅವಳ ಸೆರಗು ನೋಡಿದ್ದೆ" ಎಂದರು, ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ತಿಳಿಯದವರ ಹಾಗೆ. "ತಿಳೀಲಿಲ್ಲ ಅಂತೇನಲ್ಲ. ಒಬ್ಬಳು ಹೆಚ್ಚು ಮನೆ ನೋಡ್ತಿದ್ರೆ ನಮ್ಮ ಮೇಲಿನ ಭಾರ ಕಮ್ಮಿ ಆಗುತ್ತಲ್ಲ ಅಂತ ಸುಮ್ಮನಿದ್ದೆ." ಅವರ ಗಡಸು ಮುಖ ಕೆಂಪಾಗಿತ್ತು. ಆಮೇಲೆ ಫಿಲೋಮಿನಕ್ಕನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಿನ ಮೇಲೆ ಇಬ್ಬರೂ ಹೊರಗೆ ಬಂದಾಗ ಫಿಲೋಮಿನಕ್ಕನ ಮುಖ ತೊಳೆದ ಹಾಗಿತ್ತು, ದಾಕ್ಷಾಯಣಮ್ಮನ ಬಿಳಿ ಕೂದಲಿನಲ್ಲಿ ಆಂತೋಣಿಯ ಗಂಟು ಕಪ್ಪಗೆ ಕೂತಿತ್ತು.

"ಕೂತ್ಕೊ" ಎಂದರು ಫಿಲೋಮಿನಕ್ಕ.

"ಅಕ್ಕಾ, ಒಳಗೆ ಕೂರೋಣ."

"ಒಳಗೆ ಬೆಳಕೆಲ್ಲಿದೆ? ಇಲ್ಲೇ ಕೂತ್ಕೊ."

ಹಾಗೆ ಹಗಲು ಹನ್ನೊಂದರ ಬಿಸಿಲಿನಲ್ಲಿ, ಇಡೀ ಪೇಟೆಯ ಕಣ್ಣೆದುರು, ನಾನು ಜಗಲಿಯಲ್ಲಿ ತಲೆ ಬಗ್ಗಿಸಿ ಕೂತೆ. ಹರಳೆಣ್ಣೆಯನ್ನು ಬಟ್ಟಲುಗಟ್ಟಲೆ ಸುರಿದರು. ಸರ್ವಮಂಗಳಮ್ಮನಿಗೆ ಹೇಳಿ ಕಳಿಸಿದರು, ಅವರು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಪಕ್ಕ ಕೂತರು. ಕೇಳುಮನೆಗೆ ಬಂದವರನ್ನು ಚನ್ನವೀರಯ್ಯನವರು ಒಬ್ಬರೇ ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಬರುವವರು ನನ್ನನ್ನು ದಾಟಿಯೇ ಹೋಗಬೇಕಿತ್ತು. ನನ್ನನ್ನು ಹೊಗಳಿದ್ದ ಅಜ್ಜ ಬಂದು, ನಿಂತು, "ಅಯ್ಯೋ, ಹೈಮಮ್ಮನ ತಲೇನಾ ಇದು?" ಎಂದು ಕೇಳಿ ಒಳಗೆ ಹೋದರು. ನನ್ನ ಕಣ್ಣಿಗೆ ಕಾಣುತ್ತಿದ್ದುದು ಜನರ ಪಾದಗಳು ಮಾತ್ರ. ನನ್ನ ಸುತ್ತ ಧೂಳು ಉದುರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹಿಂಗತ್ತಿನ ಹತ್ತಿರ ಫಿಲೋಮಿನಕ್ಕನ ಕೈ ನಿಂತಿತು. "ಇದೊಂದು ಬಿಡ್ತಾ ಇಲ್ಲ. ಬುಡದಲ್ಲಿ ಕೂದಲು ಸವೆದುಹೋಗಿದೆ. ಎಳೆದ್ರೆ ಕಿತ್ತು ಬರುತ್ತೆ." ಕಿತ್ತು ಬಂದರೂ ಕತ್ತರಿ ಹಾಕಿದ ಹಾಗೇ. ಅದು ಯಾರ ಗಂಟೆಂದು ನನಗೆ ಗೊತ್ತಿತ್ತು. ಬಸುರಿ ಹೆಂಗಸಿನ ಎದೆಗೆ ಅವಳ ಸತ್ತ ಮಗು ಮೊದಲ ದಿನದ ಹಾಗೆ ಹೋಗಿ ಬಿದ್ದರೆ ಏನಾಗುತ್ತದೆಂದು ಯೋಚಿಸಿ, ಹಿಂದಕ್ಕೆ ಕೈ ಚಾಚಿ ಫಿಲೋಮಿನಕ್ಕನ ಬೆರಳು ಹಿಡಿದುಕೊಂಡೆ. "ಮುಟ್ಟಬೇಡಿ ಅಕ್ಕಾ, ಅದು ಹಾಗೇ ಇರಲಿ" ಎಂದೆ.

"ಹಾಗೇ ಇದ್ರೆ ನಾಳೆ ನಾಡಿದ್ದು ತಾನಾಗಿ ಉದುರುತ್ತೆ" ಎಂದರು ದಾಕ್ಷಾಯಣಮ್ಮ. "ಕೊಟ್ಟವರ ಕೈಗಾದ್ರೆ ಬೇಗ ಬಿಡುತ್ತೆ. ಯಾರದು?"

ನಾನು ಹೇಳಲಿಲ್ಲ. ಹೇಳಬಾರದು ಎನ್ನುವುದು ನಮ್ಮ ಕೆಲಸದ ನಿಯಮ ಎಂದುಕೊಂಡೆ. ನಿಜವಾಗಿ ನನ್ನ ಈ ತಲೆಯನ್ನು ಅವಳಿಗೆ ತೋರಿಸಲಾರೆ ಎನ್ನುವುದೇ ಕಾರಣವಾಗಿತ್ತು. ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಎರಡು ಪಾದಗಳು ಬಂದು ನಿಂತವು. ಕಾಲ್ಬೆರಳ ಸಂದಿಗಳೂ ನೀಲಿ. ಹಗುರಾಗದ ಹೆದರಿಕೆಯನ್ನು ಹೊತ್ತುಕೊಂಡು ಸಾವಂತ್ರಿ ಅಷ್ಟು ದೂರ ನಡೆದು ಬಂದಿದ್ದಳು.

"ಇದು ನಂದು" ಎಂದಳು, ನನ್ನ ಕತ್ತಿನ ಹಿಂದೆ ಬಗ್ಗಿ ನೋಡಿ. ಹೇಗೆ ಗುರುತಿಸಿದಳೋ. ಯಾರೂ ಕೇಳುವ ಮೊದಲೇ ಮೆಟ್ಟಿಲು ಹತ್ತಿ, ಹೊಟ್ಟೆಯನ್ನು ಒಂದು ಕೈಯಿಂದ ಆನಿಸಿಕೊಂಡು, ನನ್ನ ಹಿಂದೆ ನಿಧಾನವಾಗಿ ಕೂತಳು.

"ಬೇಡ ಸಾವಂತ್ರಿ. ಈ ಸ್ಥಿತೀಲಿ ನೀನು ಅದನ್ನ ಮುಟ್ಟಬೇಡ."

"ನಿಮ್ಮ ತಲೇಲಿ ಇಷ್ಟು ದಿನ ಇತ್ತಲ್ಲ ಅಕ್ಕಾ, ಇನ್ನೊಂದು ಗಳಿಗೆ ನನ್ನ ಕೈಲಿ ಇರಲಿ."

ಅವಳ ಬೆರಳು ನೂಲಿನ ಸಿಕ್ಕು ಬಿಡಿಸಿ ಪಳಗಿದ ಬೆರಳು. ಆದರೂ ಒಂದೊಂದೇ ಎಳೆಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. "ನೋವಾಗ್ತಿದ್ಯಾ?" ಎಂದಳು.

"ಇಲ್ಲ."

"ನಿಜ ಹೇಳಿ. ತಿಳೀದೆ ಹೇಗೆ ಬಿಡಿಸಲಿ?"

ಆ ಮಾತನ್ನು ನಾನು ಎಷ್ಟು ಮನೆಗಳ ಚಾಪೆಯ ಮೇಲೆ ಕೂತು ಎಷ್ಟು ಜನರಿಗೆ ಹೇಳಿದ್ದೇನೋ. ನನಗೆ ಯಾರೂ ಹೇಳಿರಲಿಲ್ಲ. ಯಾರಿಗೂ ಹೇಳಲು ನಾನೇ ಬಿಟ್ಟಿರಲಿಲ್ಲ. "ನೋವಾಗ್ತಿದೆ" ಎಂದೆ. "ಬಹಳ ದಿನದಿಂದ ನೋವಾಗ್ತಿದೆ. ಮೊನ್ನೆ ನೀನು ಹೇಳ್ತಿದ್ದೆ, ನನಗೆ ಕೇಳಿಸ್ತಿರಲಿಲ್ಲ. ನೀನು ಮೊದಲ ಸಲ ಬಂದ ದಿನ ಎದುರಿಗೆ ಕಾಯ್ತಾ ನಿಂತಿದ್ದೆ, ನಾನು ಇಲ್ಲಿ ಪುರಿ ತಿಂದ್ಕೊಂಡು ನಗ್ತಾ ಇದ್ದೆ. ಅದನ್ನ ನೀನು ನೋಡಿದ್ಯಲ್ಲ, ಆ ನಾಚಿಕೆ ತಡೆಯೋಕಾಗದೆ ಇಲ್ಲಿ ಕೂರೋದನ್ನೇ ಬಿಟ್ಟೆ."

ಸಾವಂತ್ರಿಯ ಕೈ ನಿಂತಿತು. "ನಗ್ತಾ ಇದ್ರಾ?" ಎಂದಳು. ಸ್ವಲ್ಪ ಯೋಚಿಸಿ, "ನನಗೆ ಗೊತ್ತೇ ಇಲ್ಲ ಅಕ್ಕಾ. ಅವತ್ತು ನಾನು ಯಾರ ಮುಖಾನೂ ನೋಡಲಿಲ್ಲ" ಎಂದಳು.

ಅವಳು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಅಷ್ಟು ದಿನ ನಾನು ಹೊತ್ತು ತಿರುಗಿದ್ದು ನನ್ನ ಮುಖವನ್ನೇ. ನಾಚಿಕೆಗೆ ಇನ್ನೂ ಕೆಳಗೊಂದು ಮೆಟ್ಟಿಲಿದೆ ಎಂದು ಆಗ ತಿಳಿಯಿತು. ಅವಳು ಮತ್ತೆ ಎಳೆ ಹಿಡಿದಳು. ಎಷ್ಟೋ ಹೊತ್ತಿನ ಮೇಲೆ ಹಿಂಗತ್ತಿನಲ್ಲಿ ಏನೋ ಸಡಿಲವಾಗಿ, ಬೆನ್ನ ಮೇಲೆ ಹಗುರಾಗಿ ಧೂಳು ಬಿತ್ತು. ಸಾವಂತ್ರಿ ಅದನ್ನು ತಕ್ಷಣ ಗುಡಿಸಲಿಲ್ಲ. ಬೆರಳ ತುದಿಗೆ ಒಂದಿಷ್ಟು ಅಂಟಿಸಿಕೊಂಡು ನೋಡಿದಳು, ಆಮೇಲೆ ಊದಿಬಿಟ್ಟಳು.

"ಬಿಡ್ತಲ್ಲ" ಎಂದು ಉಸಿರು ಬಿಟ್ಟವರು ಫಿಲೋಮಿನಕ್ಕ. ಮರುಗಳಿಗೆಯಲ್ಲೇ ಅವರು, "ಸಾವಂತ್ರೀ, ನಿನ್ನ ಕಿವಿ ಹಿಂದೆ ಏನೇ ಅದು?" ಎಂದರು.

ನಾನು ತಿರುಗಿ ನೋಡಿದೆ. ಸಾವಂತ್ರಿಯ ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಬಲಗಿವಿಯ ಹಿಂದೆ, ಆಗ ತಾನೆ ಬಿದ್ದ ಗಂಟೊಂದು ಕೂತಿತ್ತು. ಕೇಳುವ ಕೆಲಸದವಳು ನಾನು, ಕೇಳಿದವಳು ಅವಳು. "ಅಯ್ಯೋ, ನಾನು ಬಾಯಿ ಬಿಡಬಾರದಿತ್ತು" ಎಂದು ಕೈ ಚಾಚಿದೆ.

ಅವಳು ತನ್ನ ನೀಲಿ ಬೆರಳಿನಿಂದ ಗಂಟನ್ನು ಮುಟ್ಟಿ ನೋಡಿಕೊಂಡಳು. "ನಿಮ್ಮದಾ?" ಎಂದಳು. "ಇರ್ಲಿ ಬಿಡಿ ಅಕ್ಕಾ. ಮನೆಗೆ ಹೋದ ಮೇಲೆ ನಮ್ಮತ್ತೆ ಬಾಚ್ತಾರೆ."

ಎಷ್ಟು ಸಲೀಸಾಗಿ ಹೇಳಿದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಅತ್ತೆ ನೋಡಿಕೊಳ್ಳುತ್ತಾರೆ ಎನ್ನುವ ಹಾಗೆ.

ಬಾಗಿಲಲ್ಲಿ ನಿಂತಿದ್ದ ಚನ್ನವೀರಯ್ಯನವರು ಮೀಸೆ ಸವರಿಕೊಂಡು, "ಬಾಮ್ಮ ಒಳಗೆ. ಈ ಎಡಗಡೆ ಇನ್ನೂ ಖಾಲಿ ಇದೆ, ಏನು ಹೆದರಿಕೆ ಹೇಳು" ಎಂದರು. ಅವಳು ನೆಲಕ್ಕೆ ಕೈಯೂರಿ ಎದ್ದು, ನನ್ನ ಭುಜ ಹಿಡಿದು ಸಾವರಿಸಿಕೊಂಡು ಒಳಗೆ ಹೋದಳು. ಭುಜದ ಮೇಲೆ ಎಣ್ಣೆಯಲ್ಲಿ ನೀಲಿ ಕೈಯ ಗುರುತು ಉಳಿಯಿತು.

"ತಲೆ ಬಗ್ಗಿಸು" ಎಂದರು ಫಿಲೋಮಿನಕ್ಕ. "ಇನ್ನೂ ಅರ್ಧ ಇದೆ. ಇವತ್ತು ಮುಗಿಯಲ್ಲ, ನಾಳೆ ಬರ್ತೀಯಾ?"

"ಬರ್ತೀನಿ."

"ನಾಡಿದ್ದು?"

"ಬರ್ತೀನಿ ಅಕ್ಕಾ. ಮೊದಲು ನಿಮ್ಮ ತಲೆ ಬಾಚ್ತೀನಿ."

"ಮೊದಲೂ ಬೇಡ, ಆಮೇಲೂ ಬೇಡ. ಸುಮ್ಮನೆ ಬಂದು ಕೂತ್ಕೊ" ಎಂದು ಅವರು ಬಾಚಣಿಗೆ ಇಟ್ಟರು. ಬೀದಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು, ಕೆಲವರು ನಿಂತು ನೋಡುತ್ತಿದ್ದರು. ಕೂದಲು ಅಷ್ಟಷ್ಟೇ ಬಿಡಿಯಾಗುತ್ತ ಹೋದಂತೆ, ಬಹಳ ದಿನ ಮುಚ್ಚಿದ್ದ ನನ್ನ ಕಿವಿಗಳು ಹೊರಗೆ ಬಂದವು. ಅವು ನಾಚಿಕೆಯಿಂದ ಕೆಂಪಗೆ ಸುಡುತ್ತಿದ್ದವು, ಅದು ಎಲ್ಲರಿಗೂ ಕಾಣುತ್ತಿತ್ತು. ನಾನು ಹಾಗೇ ತಲೆ ಬಗ್ಗಿಸಿ ಕೂತಿದ್ದೆ.